ಕಪ್ಪಿನ ಮೇಲೆ ಹಳದಿ

ಮೀನು ತೆಗೆದುಕೊಳ್ಳಬಾರದಿತ್ತು ಎಂದು ಐಲರ್ಟನಿಗೆ ಹೊಳೆದದ್ದು ಬಂದರಿನಿಂದ ಅಂಗಡಿಗೆ ಹೋಗುವ ಏರಿನಲ್ಲಿ, ಮೀನು ಕೈಗೆ ಬಂದು ಬಹಳ ಹೊತ್ತಾದ ಮೇಲೆ. ಅಂಥಿಂಥ ಮೀನಲ್ಲ ಅದು. ಕಿವಿರಿನೊಳಗಿಂದ ಹಗ್ಗ ತೂರಿಸಿ ಗಂಟು ಹಾಕಿದ ಕಾಡ್ ಮೀನು. ಬಾಲ ಹಿಂದಿನಿಂದ ರಸ್ತೆ ಗುಡಿಸುತ್ತ ಬರುತ್ತಿತ್ತು, ತೆರೆದ ಬಾಯಿಯಲ್ಲಿ ಒಂದು ಅಂಚೆಡಬ್ಬ ಹಿಡಿಸುತ್ತಿತ್ತು. ನಮ್ಮ ಸ್ಕಾರ್ವೋಯ ದ್ವೀಪದ ಮೀನಿನ ಬಗ್ಗೆ ನಾನು ಹೇಳುವುದನ್ನು ಅರ್ಧಕ್ಕೆ ಇಳಿಸಿ ಕೇಳಿಸಿಕೊಂಡರೂ ಮಿಕ್ಕ ನಾರ್ವೆಯ ಮೀನಿಗಿಂತ ಅದು ದೊಡ್ಡದಾಗಿಯೇ ಉಳಿಯುತ್ತದೆ. ಕೊಟ್ಟವನು ಸ್ಟೈನಾರ್. ಅವನು ಪಿಸುಗುಟ್ಟಿದರೆ ಎದುರು ದಡದ ನಾಯಿಗಳು ಎದ್ದು ಕೂರುತ್ತವೆ; ಇವತ್ತು ಬೆಳಿಗ್ಗೆ ಪಿಸುಗುಟ್ಟಿರಲಿಲ್ಲ, ದೋಣಿಯ ಮೇಲಿಂದ ಕೂಗಿ ಕರೆದಿದ್ದ. "ತಗೋ, ಕಾಗದದ ರಾಜ. ನಿನ್ನ ಯಂತ್ರ ಇಲ್ದೆ ಹೋಗಿದ್ರೆ, ನನ್ನ ಮೇಲೆ ದೂರು ಕೊಟ್ಟಿದ್ದು ನನ್ನ ಸ್ವಂತ ತಂಗಿ ಅಂತ ಸಾಯೋವರೆಗೂ ಗೊತ್ತಾಗ್ತಿರಲಿಲ್ಲ." ಆಗ ಐಲರ್ಟ್ ಹೇಳಬೇಕಾಗಿದ್ದ ಮಾತು ಅವನ ನಾಲಿಗೆಯ ಮೇಲೆಯೇ ಇತ್ತು. ತಪ್ಪು ನನ್ನದು, ಆ ಹೆಸರು ನಿನ್ನ ಕಣ್ಣಿಗೆ ಬೀಳಬಾರದಿತ್ತು, ಬೀಳಿಸಿದವನು ನಾನು. ಆದರೆ ಬಾಯಿಂದ ಬಂದದ್ದು ಬೇರೆ. "ಒಳ್ಳೇ ಮೀನು" ಎಂದಿದ್ದ. ಒಳ್ಳೇ ಮೀನು. ಏರಿನುದ್ದಕ್ಕೂ ಆ ಎರಡು ಪದ ಅವನ ಹಿಮ್ಮಡಿಗೆ ತಾಗುತ್ತ ಬಂದವು.

ಅವನ ತಲೆಯೊಳಗೆ ನಡೆದದ್ದು ನಿನಗೆ ಹೇಗೆ ಗೊತ್ತು ಎಂದು ಕೇಳುವವರು ನಮ್ಮ ದ್ವೀಪವನ್ನು ನೋಡಿದವರಲ್ಲ. ಇಲ್ಲಿ ಒಬ್ಬ ಮನಸ್ಸಿನಲ್ಲೇ ಕೆಮ್ಮಿದರೆ ಮೂರನೇ ಮನೆಯವರು ಔಷಧಿ ಹೇಳುತ್ತಾರೆ. ಇಂಥ ಊರಿನಲ್ಲಿ ಐಲರ್ಟನದು ಪುರಸಭೆಯ ದಾಖಲೆ ವಿಭಾಗದ ಮುಖ್ಯಸ್ಥನ ಕೆಲಸ. ವಿಭಾಗದಲ್ಲಿ ಬೇರೆ ಯಾರೂ ಇಲ್ಲವಾದ್ದರಿಂದ ಅವನಿಗಿಂತ ದೊಡ್ಡವರೂ ಇಲ್ಲ, ಚಿಕ್ಕವರೂ ಇಲ್ಲ. ನೆಲಮಾಳಿಗೆಯಲ್ಲಿದ್ದ ಕಾಗದವನ್ನೆಲ್ಲ, ಹಡಗು ಹತ್ತಿಸಿದರೆ ಹಡಗು ಮುಳುಗುವಷ್ಟು ಕಾಗದವನ್ನು, ಒಂದೊಂದೇ ಹಾಳೆಯಾಗಿ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಉಣಿಸಿದವನು ಅವನು. ನಿನ್ನೆ ಸಂಜೆ ಸಮುದಾಯ ಭವನದಲ್ಲಿ ಅದನ್ನು ಊರಿಗೆ ತೋರಿಸುವ ಕಾರ್ಯಕ್ರಮ. ಕುರಿಗಳನ್ನು ಬಿಟ್ಟು ಎಲ್ಲರೂ ಬಂದಿದ್ದರು. ಕಾಫಿ, ವಾಫಲ್, ಜಾಮ್, ಗೋಡೆ ತುಂಬ ಬಿಳಿ ಪರದೆ. ಇನ್ನು ಮೇಲೆ ಯಾರು ಬೇಕಾದರೂ ಮನೆಯಲ್ಲೇ ಕೂತು ಪುರಸಭೆಯ ಯಾವ ಕಾಗದವನ್ನಾದರೂ ಹುಡುಕಬಹುದು. ಐಲರ್ಟ್ ಹೊಸ ಸ್ವೆಟರ್ ಹಾಕಿದ್ದ. ಈಗ ಏರು ಹತ್ತುವಾಗ ಇನ್ನೂ ಮೈಮೇಲಿದ್ದ ಅದೇ ಸ್ವೆಟರ್ ಕತ್ತಿನ ಹತ್ತಿರ ಚುಚ್ಚಿತು.

"ಕಾಗದ ಮೊದಲು ಫೋಟೋ ಆಗುತ್ತೆ" ಎಂದು ಶುರುಮಾಡಿದ್ದ, ಲೋಕವನ್ನು ಸೃಷ್ಟಿ ಮಾಡಿದ ಕತೆ ಹೇಳುವವನಂತೆ. ಫೋಟೋ ಎಂದರೆ ಯಂತ್ರಕ್ಕೆ ಬರೀ ಚುಕ್ಕೆ. ನೊಣದ ಹಿಕ್ಕೆಗೂ ಮೇಯರ್ ಸಹಿಗೂ ಅದಕ್ಕೆ ವ್ಯತ್ಯಾಸವಿಲ್ಲ. ಆಮೇಲೆ ಓದು. ಸೊಟ್ಟಗಿದ್ದ ಹಾಳೆಯನ್ನು ನೆಟ್ಟಗೆ ಮಾಡುತ್ತದೆ, ಕಲೆ ತೆಗೆಯುತ್ತದೆ, ಸಾಲು ಬಿಡಿಸುತ್ತದೆ, ಸಾಲಿನಿಂದ ಪದ, ಪದದಿಂದ ಅಕ್ಷರ. ಇದು ಇಂಥ ಅಕ್ಷರವೇ ಇರಬೇಕು ಎಂದು ಊಹಿಸುತ್ತದೆ. ಊಹಿಸಿದ್ದನ್ನೆಲ್ಲ ಕಣ್ಣಿಗೆ ಕಾಣದ ಇನ್ನೊಂದು ಹಾಳೆಯ ಹಾಗೆ ಫೋಟೋಗೆ ಅಂಟಿಸಿಡುತ್ತದೆ, ಪ್ರತಿ ಪದವನ್ನೂ ಅದರದರ ಜಾಗದಲ್ಲೇ ಕೂರಿಸಿ. ಕೊನೆಗೆ ಸೂಚಿ, ಪುಸ್ತಕದ ಹಿಂಬದಿಯಲ್ಲಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿ ಎಂದು, ಅಂಥದ್ದು. "ನೀವು ಹುಡುಕು ಅಂದಾಗ ಇದು ಒಂದೂ ಕಾಗದ ಓದಲ್ಲ. ಓದಿ ಯಾವತ್ತೋ ಮುಗಿಸಿದೆ. ಬರೀ ಸೂಚಿ ನೋಡುತ್ತೆ. ಅದಕ್ಕೇ ನೀವು ಕಣ್ಣು ಮಿಟುಕಿಸೋದ್ರೊಳಗೆ ಸಿಗುತ್ತೆ." ಜನ ಕಣ್ಣು ಮಿಟುಕಿಸಿ ನೋಡಿದರು. ಸಿಕ್ಕಿತು. ಅಜ್ಜಂದಿರ ಕಾಲದ ಬಾವಿ ಜಗಳ ಸಿಕ್ಕಿತು, ಶಾಲೆಯ ಗಂಟೆ ಕೊಂಡ ಕಾಗದ ಸಿಕ್ಕಿತು, ಯಾರದೋ ಹೋರಿ ಚರ್ಚಿಗೆ ನುಗ್ಗಿದ್ದು ಸಿಕ್ಕಿತು. ಚಪ್ಪಾಳೆಗೆ ಛಾವಣಿ ಹಾರಿಹೋಗಿ ಪಕ್ಕದ ದ್ವೀಪದಲ್ಲಿ ಬಿದ್ದಿತು ಅಂದರೆ ನೀವು ನಂಬುವುದಿಲ್ಲ, ಬಿಡಿ. "ಇನ್ನೊಂದು ಹೆಸರು ಹೇಳಿ, ಯಾರದಾದ್ರೂ ಸರಿ" ಎಂದ ಐಲರ್ಟ್. ಹಿಂದಿನ ಸಾಲಿನಿಂದ ಸ್ಟೈನಾರ್ ಕೂಗಿದ. "ನನ್ನ ತಂಗಿ ಹೆಸರು ಹಾಕು. ಗುನ್ವೋರ್ ಮೇಲೆ ಒಂದು ಚೂರು ಕಾಗದ ಸಿಕ್ಕಿದ್ರೂ ನನ್ನ ದೋಣಿಮನೆ ನಿನಗೇ." ಎಲ್ಲರೂ ನಕ್ಕರು. ಗುನ್ವೋರ್ ನಡುವೆ ಕೂತಿದ್ದಳು, ಮಡಿಲಲ್ಲಿ ವಾಫಲ್ ತಟ್ಟೆ. ಅವಳು ನಗಲಿಲ್ಲ. ಐಲರ್ಟನ ಕಡೆ ನೋಡಿದಳು. ಐಲರ್ಟ್ ಅವಳಿಗೆ ಕಣ್ಣು ಹೊಡೆದ.

ಕಣ್ಣು ಹೊಡೆದ. ಏರು ಮುಗಿದು ಅಂಗಡಿ ಕಾಣುವಾಗ ಆ ಕಣ್ಣೇ ಉರಿಯತೊಡಗಿ ಅವನು ತೋಳಿನಿಂದ ಒರೆಸಿಕೊಂಡ. ತೋಳಿಗೆ ಮೀನಿನ ಲೋಳೆ ಹತ್ತಿತ್ತು. ವಸಂತದಲ್ಲಿ ಗುನ್ವೋರ್ ಕಚೇರಿಗೆ ಬಂದಿದ್ದಾಗಲೂ ಹೀಗೇ ಏನೋ ಮಾಡಿದ್ದ. ಅವಳ ಕೂದಲು ಒದ್ದೆಯಾಗಿತ್ತು. ಅವಳ ಕೂದಲು ಒಣಗಿದ್ದನ್ನು ನಾವ್ಯಾರೂ ನೋಡಿಲ್ಲ, ಸೀಲ್ ಪ್ರಾಣಿಗಳು ಕೂಡ ನಡುಗುವ ದಿನಗಳಲ್ಲಿ ಅವಳು ಸಮುದ್ರಕ್ಕಿಳಿದು ಈಜಿ ಬರುತ್ತಾಳೆ. ಅಣ್ಣ ತನ್ನ ದೋಣಿ ಇಡುವ ದೋಣಿಮನೆಗೆ ಜಗಲಿ ಕಟ್ಟಿಸಿದ್ದ, ಒಲೆ ಹಾಕಿಸಿದ್ದ, ಗಾಜಿನ ಕಿಟಕಿ ಇಡಿಸಿದ್ದ. ದಡದಲ್ಲಿ ಹಾಗೆಲ್ಲ ಕಟ್ಟುವಂತಿಲ್ಲ. ಅದಾದರೂ ಹೋಗಲಿ, ಅವಳ ಅಡುಗೆಮನೆ ಬಾಗಿಲಿನಿಂದ ನೀರಿಗೆ ಇಳಿಯುವ ಹಳೇ ಕಾಲುದಾರಿ ಆ ಜಗಲಿಯ ಅಡಿಗೆ ಹೋಗಿ ಮುಚ್ಚಿಹೋಗಿತ್ತು. "ಅವನಿಗೆ ಹೇಳ್ದೆ, ನಕ್ಕ. ಇನ್ನೊಂದ್ಸಲ ಹೇಳ್ದೆ, ವಾಫಲ್ ಕೊಟ್ಟ" ಎಂದಿದ್ದಳು ಗುನ್ವೋರ್, ದೂರನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಅದುಮಿಕೊಂಡೇ. "ನನ್ನ ಹೆಸರು ಹೊರಗೆ ಬರಲ್ಲ ತಾನೆ? ಪುರಸಭೆ ಹೇಳಿದ್ರೆ ಅವನು ಬೈದುಕೊಂಡಾದ್ರೂ ಕೇಳ್ತಾನೆ. ನಾನು ಬರೆದೆ ಅಂತ ಗೊತ್ತಾದ್ರೆ ಅವನ ಎದೆ ಒಡೆಯತ್ತೆ." ಇಂಥ ದೂರು ಕೊಟ್ಟವರ ಹೆಸರನ್ನು ಮುಚ್ಚಿಡಬಹುದು ಎಂದು ಕಾನೂನೇ ಹೇಳುತ್ತದೆ; ಐಲರ್ಟ್ ಅಷ್ಟು ಹೇಳಿದ್ದರೆ ಸಾಕಿತ್ತು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನಾನು ಕಪ್ಪು ಬಳಿದ ಮೇಲೆ ದೇವರೇ ಇಳಿದು ಬಂದು ಕೇಳಿದ್ರೂ ಓದೋಕಾಗಲ್ಲ, ಗುನ್ವೋರ್" ಎಂದಿದ್ದ. ಅವಳು ಅಂಗೈ ಎತ್ತಿದ್ದಳು.

ದೇವರಿಗೆ ಓದಲು ಆಗುತ್ತಿರಲಿಲ್ಲ, ಅದು ನಿಜ. ನಿನ್ನೆ ಆ ಹೆಸರು ಹಾಕಿದಾಗ ಪರದೆಯ ಮೇಲೆ ಒಂದೇ ಒಂದು ಕಾಗದ ಬಂತು. ಸ್ಟೈನಾರನ ದೋಣಿಮನೆಯ ಬಗ್ಗೆ ದೂರು ಎಂದು ದಪ್ಪಕ್ಷರದ ತಲೆಬರಹ. ಕೆಳಗೆ, ಕಳಿಸಿದವರ ಹೆಸರಿರಬೇಕಾದ ಕಡೆ, ಐಲರ್ಟ್ ಕೈಯಾರೆ ಎಳೆದ ಕಪ್ಪು, ಇದ್ದಿಲಿಗಿಂತ ಕಪ್ಪು. ಹುಡುಕಿದ ಪದ ಸಿಕ್ಕ ಜಾಗಕ್ಕೆ ಹಳದಿ ಬಳಿದು ತೋರಿಸುವುದು ಯಂತ್ರದ ಪದ್ಧತಿ. ಆ ಕಪ್ಪಿನ ಮೇಲೆ ಹಳದಿ ಬಿತ್ತು. ನೀನು ಕೇಳಿದ ಹೆಸರು ಇಲ್ಲೇ ಇದೆ, ಇದರ ಅಡಿಯಲ್ಲೇ ಇದೆ ಎಂದು ಮನೆಯ ಗುಟ್ಟನ್ನು ನೆಂಟರ ಮುಂದೆ ಹೇಳಿಬಿಟ್ಟ ಮಗುವಿನ ಹಾಗೆ ಹಳದಿ ಖುಷಿಯಾಗಿ ಹೊಳೆಯಿತು. ವಾಫಲ್ ಯಂತ್ರ ಬೇಯಿತು ಎಂದು ಕೂಗಿತು. ಅದನ್ನು ತೆಗೆಯುವವರಿಲ್ಲದೆ ಭವನದಲ್ಲೆಲ್ಲ ಸೀದ ವಾಸನೆ. ಗುನ್ವೋರ್ ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಕೋಟಿನ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ಹಾಕಿಕೊಂಡು ಹೊರಟುಹೋದಳು. ಐಲರ್ಟನಿಗೆ ಕಂಪ್ಯೂಟರ್ ಮುಚ್ಚಬೇಕೆಂದು ಹೊಳೆದದ್ದು ಬಾಗಿಲು ಹಾಕಿಕೊಂಡ ಸದ್ದಿಗೆ.

ಅಂಗಡಿಯಲ್ಲಿ ಪೆಟ್ರಾ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದಳು. ಆ ಕುರ್ಚಿಯಿಂದ ಪೆಟ್ರಾ ಎದ್ದದ್ದನ್ನು ನಾವು ಈ ಹಿಂದೆ ಕಂಡದ್ದು ರಾಜರು ದ್ವೀಪದ ಮೇಲೆ ಹೆಲಿಕಾಪ್ಟರಿನಲ್ಲಿ ಹಾದುಹೋದಾಗ. "ಬಂದ ನೋಡು ನಮ್ಮ ಪತ್ತೇದಾರ" ಎಂದಳು. ಐಲರ್ಟ್ ಬಯ್ಗುಳಕ್ಕೆ ತಯಾರಾಗಿದ್ದ. ಬಯ್ಗುಳವೇ ಬೇಕಿತ್ತು ಅವನಿಗೆ. ಕಾಫಿ ಯಂತ್ರದ ಪಕ್ಕ ಗುನ್ವೋರ್ ದಿನಾ ಕೂರುವ ಕುರ್ಚಿ ಖಾಲಿ ಇತ್ತು. ಅದರ ಸುತ್ತ ನಿಂತಿದ್ದವರು ಅವನಿಗೆ ಜಾಗ ಮಾಡಿಕೊಟ್ಟರು. ಯಾರೋ ಬೆನ್ನು ತಟ್ಟಿದರು. "ಏನು ಯಂತ್ರ ಮಾರಾಯ ಅದು." "ಕಪ್ಪು ಬಳಿದ್ರೂ ಬಿಡಲ್ವಲ್ಲ." "ಗುನ್ವೋರ್ ಸಾಧು ಅಂತ ನಾವೆಲ್ಲ ಅಂದ್ಕೊಂಡಿದ್ವಿ." ಪೆಟ್ರಾ ತಗ್ಗಿದ ದನಿಯಲ್ಲಿ, ಅಂದರೆ ಇಡೀ ಅಂಗಡಿಗೆ ಕೇಳುವಂತೆ, "ನನ್ನ ನಾಯಿ ಮೇಲೆ ದೂರು ಕೊಟ್ಟಿದ್ದು ಯಾರು ಅಂತ ಒಂಚೂರು ನೋಡಿ ಹೇಳೋ. ನನಗೆ ಇಬ್ಬರ ಮೇಲೆ ಅನುಮಾನ. ಬೇಕಿದ್ರೆ ಎರಡೂ ಹೆಸರು ಕೊಡ್ತೀನಿ, ಹಳದಿ ಬರುತ್ತಾ ನೋಡು" ಎಂದಳು. ನಗು. ಐಲರ್ಟನ ಮುಖವೂ ನಕ್ಕಿತು. ಅದು ತನ್ನಷ್ಟಕ್ಕೆ ತಾನೇ ನಕ್ಕದ್ದನ್ನು ಅವನು ಗಾಜಿನ ಹಿಂದಿನ ಹಾಲಿನ ಡಬ್ಬಗಳ ನಡುವೆ ಕಂಡ. ನಿನ್ನೆಯ ಕಣ್ಣೇ, ನಿನ್ನೆಯ ಹಲ್ಲೇ. ತಪ್ಪು ಮಾಡಿದವನನ್ನು ಬಿಟ್ಟು ಊರಿಡೀ ಗುನ್ವೋರಳನ್ನು ಜಗಿಯುತ್ತಿತ್ತು, ಜಗಿಯಲು ಕೊಟ್ಟವನಿಗೆ ಉಪಕಾರ ಹೇಳುತ್ತಿತ್ತು. ಏನೂ ಕೊಳ್ಳದೆ ಹೊರಗೆ ಬಂದ. ಮೀನು ಬಾಗಿಲಿಗೆ ಸಿಕ್ಕಿಕೊಂಡು, ಒಬ್ಬರು ಎತ್ತಿ ಬಿಡಿಸಿಕೊಡಬೇಕಾಯಿತು. "ಒಳ್ಳೇ ಮೀನು" ಎಂದರು ಅವರು.

ಕಚೇರಿಯಲ್ಲಿ ಮೀನನ್ನು ಕಿಟಕಿಯ ಹೊರಗೆ ತೂಗುಹಾಕಿ, ಸ್ವೆಟರ್ ಬಿಚ್ಚದೆ ಕೂತು, ಮಾಡಬೇಕಾಗಿದ್ದ ಕೆಲಸವನ್ನು ಮಾಡಿದ. ಎಷ್ಟು ಸಣ್ಣ ಕೆಲಸ ಅದು. ಕಪ್ಪನ್ನು ಎಳೆದದ್ದು ಫೋಟೋದ ಮೇಲೆ. ಯಂತ್ರ ಅದಕ್ಕೂ ಮೊದಲೇ ಕಾಗದವನ್ನು ಓದಿ ಮುಗಿಸಿತ್ತು; ಓದಿದ ಹೆಸರು ಆ ಕಾಣದ ಹಾಳೆಯಲ್ಲಿ, ಸೂಚಿಯಲ್ಲಿ, ಬೆಚ್ಚಗೆ ಕೂತಿತ್ತು. ಕಪ್ಪು ಬಳಿದ ಮೇಲೆ ಹಳೆಯ ಓದನ್ನು ಅಳಿಸಿ ಮತ್ತೊಮ್ಮೆ ಓದಿಸಬೇಕು; ಆಗ ಯಂತ್ರಕ್ಕೂ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಇದು ಐಲರ್ಟನಿಗೆ ಗೊತ್ತಿರಲಿಲ್ಲವೇ? ಪಕ್ಕದ ದ್ವೀಪದವರಿಗೆ ಇದನ್ನು ಪಾಠ ಮಾಡಿ ಬಂದವನೇ ಅವನು. ಆದರೆ ಕಪ್ಪು ಬಳಿದ ಕಾಗದವನ್ನೆಲ್ಲ ಮತ್ತೆ ಓದಿಸುತ್ತ ಕೂತರೆ ದಿನಗಟ್ಟಲೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಆ ಪಕ್ಕದ ದ್ವೀಪದವರು ತಮ್ಮದನ್ನು ಮೊದಲು ತೆರೆದುಬಿಡುತ್ತಿದ್ದರು. ಕಣ್ಣಿಗೆ ಕಪ್ಪು ಕಂಡರೆ ಸಾಕು ಎಂದುಕೊಂಡಿದ್ದ. ಈಗ ಹುಡುಕಾಟವನ್ನು ಊರಿಗೆ ಮುಚ್ಚಿ, ಕಪ್ಪು ಬಳಿದ ಕಡತಗಳನ್ನೆಲ್ಲ ಮತ್ತೆ ಓದಲು ಹಚ್ಚಿ, ಗುನ್ವೋರಳದನ್ನು ಎಲ್ಲಕ್ಕಿಂತ ಮುಂದೆ ಇಟ್ಟ. ಕಾಫಿ ಆರುವುದರೊಳಗೆ ಅದು ಮುಗಿಯಿತು. ಅವಳ ಹೆಸರು ಹಾಕಿ ಹುಡುಕಿದ. ಏನೂ ಸಿಗಲಿಲ್ಲ ಎಂದಿತು ಯಂತ್ರ, ಇಷ್ಟು ವರ್ಷ ಇಂಥ ಹೆಸರನ್ನೇ ಕೇಳಿಲ್ಲ ಎಂಬಂತೆ. ಅದರ ಮುಗ್ಧತೆ ನೋಡಿ ಐಲರ್ಟನಿಗೆ ಹೊಟ್ಟೆಕಿಚ್ಚಾಯಿತು. ಇಡೀ ದ್ವೀಪದಲ್ಲಿ ಆ ಹೆಸರನ್ನು ಮರೆತ ತಲೆ ಅದೊಂದೇ. ಮಿಕ್ಕ ತಲೆಗಳಲ್ಲಿ ಸೂಚಿ ತಯಾರಾಗಿಹೋಗಿತ್ತು, ಗುನ್ವೋರ್ ಎಂದರೆ ದೋಣಿಮನೆ, ಗುನ್ವೋರ್ ಎಂದರೆ ದೂರು. ಅವನ್ನು ಮತ್ತೆ ಓದಿಸುವ ಗುಂಡಿ ಎಲ್ಲಿದೆ?

ಮುಂಭಾಗದ ಮೇಜಿನ ಯೋರ್ಡಿಸ್ ಬಂದು ಬಾಗಿಲಿಗೆ ಒರಗಿ ನಿಂತಳು. ಪುರಸಭೆಯ ಬೀಗದ ಕೈಗಳೆಲ್ಲ ಇರುವುದು ಅವಳ ಹತ್ತಿರ. ನಮ್ಮ ಮೇಯರ್ ಕೂಡ ಮನೆಗೆ ಹೋಗಬೇಕಾದರೆ ಅವಳನ್ನು ಕೇಳಬೇಕು. "ಸುಮ್ನೆ ಯಾಕೆ ಸಾಯ್ತೀಯಾ. ಯಂತ್ರ ತಪ್ಪು ಓದ್ತು ಅಂದ್ಬಿಡು."

"ಏನು?"

"ಆ ಕಪ್ಪಿನ ಕೆಳಗೆ ಬೇರೆ ಹೆಸರಿತ್ತು, ಯಂತ್ರ ಗುನ್ವೋರ್ ಅಂತ ಓದ್ಕೊಂಡ್ಬಿಡ್ತು ಅನ್ನು. ತಪ್ಪು ಓದೋದು ಇದ್ದೇ ಇರುತ್ತಲ್ಲ. ಯಾರು ಬಂದು ನೋಡ್ತಾರೆ?"

ಸುಲಭವಾಗಿತ್ತು. ಕಪ್ಪಿನ ಕೆಳಗೆ ಯಾರೂ ನೋಡುವಂತಿಲ್ಲ. ಯಂತ್ರ ಊಹಿಸುತ್ತದೆ ಎಂದು ಅವನೇ ನಿನ್ನೆ ಹೇಳಿದ್ದ. ಗುನ್ವೋರ್ ಸಂಜೆಯೊಳಗೆ ಮತ್ತೆ ಸಾಧುವಾಗುತ್ತಿದ್ದಳು. ಆದರೆ ಹೂಂ ಎನ್ನಲು ಏನೋ ಅಡ್ಡ ಬಂತು. ಸುಳ್ಳು ಹೇಳಬೇಕಾಗುತ್ತದಲ್ಲ ಎಂಬ ನೋವು ಇರಬೇಕು ಎಂದುಕೊಂಡು ಒಂದು ಕ್ಷಣ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂತು. ಕೆದಕಿ ನೋಡಿದರೆ ಅದಲ್ಲ. ನನ್ನ ಯಂತ್ರ ತಪ್ಪು ಓದಿತು ಎಂದು ಪೆಟ್ರಾಳ ಮುಂದೆ, ಪಕ್ಕದ ದ್ವೀಪದವರ ಮುಂದೆ ಹೇಳಬೇಕಲ್ಲ, ಅದೇ ಅಡ್ಡ ಬಂದದ್ದು. ಒಬ್ಬ ಹೆಂಗಸನ್ನು ಊರು ಜಗಿಯುತ್ತಿರುವಾಗ ತಾನು ಯಂತ್ರದ ಮರ್ಯಾದೆ ಕಾಯುತ್ತ ಕೂತಿದ್ದೇನೆ ಎಂದು ಗೊತ್ತಾದ ಕೂಡಲೇ ಕಿವಿಗಳು ಎಷ್ಟು ಬಿಸಿಯಾದವೆಂದರೆ ಅವುಗಳ ಮೇಲೆ ಕಾಫಿ ಕಾಯಿಸಬಹುದಿತ್ತು. "ಹೇಳ್ತೀನಿ" ಎಂದು ಎದ್ದ. "ಅವಳನ್ನ ಒಂದು ಮಾತು ಕೇಳಿ ಹೇಳ್ತೀನಿ." ಯೋರ್ಡಿಸ್ ಕಿಟಕಿಯತ್ತ ಮೂಗು ತಿರುಗಿಸಿದಳು. "ಹೋಗ್ತಾ ಅದನ್ನೂ ತಗೊಂಡು ಹೋಗು. ಕಡಲಕಾಗೆಗಳು ಆಗಲೇ ಸಭೆ ಸೇರಿವೆ."

ಗುನ್ವೋರಳ ಮನೆ ದಿಬ್ಬದ ಮೇಲೆ. ಅಲ್ಲಿ ಬೀಸುವ ಗಾಳಿಗೆ ಕುರಿಗಳು ಪಕ್ಕದ ದ್ವೀಪಕ್ಕೆ ಹಾರಿಹೋಗಿ ಅಲ್ಲಿ ಮರಿ ಹಾಕಿ ಮರುಗಾಳಿಗೆ ವಾಪಸು ಬರುತ್ತವೆ. ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಕೂದಲು ಒಣಗಿತ್ತು. ಐಲರ್ಟನಿಗೆ ಅದನ್ನು ನೋಡಲಾಗಲಿಲ್ಲ, ಬೇರೆಯವರ ಮನೆಯಲ್ಲಿ ನೋಡಬಾರದ್ದನ್ನು ನೋಡಿದ ಹಾಗಾಯಿತು. ಬಾಗಿಲ ಹತ್ತಿರವೇ ನಿಂತು ಎಲ್ಲವನ್ನೂ ಹೇಳಿದ, ಕಾಣದ ಹಾಳೆ, ಸೂಚಿ, ಮತ್ತೆ ಓದಿಸದೇ ಬಿಟ್ಟದ್ದು. ಹೇಳುವಾಗ ಗೊತ್ತಿಲ್ಲದೆ ಕೈ ಎತ್ತಿ ನಿನ್ನೆ ಪರದೆ ತೋರಿಸಿದಂತೆಯೇ ಗೋಡೆ ತೋರಿಸುತ್ತಿದ್ದ, ಕೈಯನ್ನು ಇಳಿಸಿಕೊಂಡ. ಯೋರ್ಡಿಸಳ ಉಪಾಯವನ್ನು ತನ್ನದೆಂಬಂತೆ ಮುಂದಿಟ್ಟ. "ಯಂತ್ರ ತಪ್ಪು ಓದ್ತು ಅಂತೀನಿ. ಭವನದಲ್ಲೇ ನಿಂತು ಹೇಳ್ತೀನಿ. ನಿನ್ನ ಹೆಸರು ಅದರಲ್ಲಿರಲೇ ಇಲ್ಲ ಅಂತೀನಿ."

ಗುನ್ವೋರ್ ಸಿಪ್ಪೆ ಕಡಿಯದಂತೆ ಆ ಆಲೂಗಡ್ಡೆಯನ್ನು ಪೂರ್ತಿ ಸುಲಿದಳು. "ಆಮೇಲೆ?"

"ಆಮೇಲೆ ಏನು, ಮುಗೀತು."

"ಮುಗಿಯಲ್ಲ ಐಲರ್ಟ್. ಅಲ್ಲೊಂದು ಹೆಸರಿದೆ ಅಂತ ಎಲ್ಲರೂ ನೋಡಿದ್ದಾರೆ. ನನ್ನದಲ್ಲ ಅಂದ್ರೆ ಇನ್ಯಾರದು ಅಂತ ಹುಡುಕ್ತಾರೆ. ಹುಡುಕೋದನ್ನ ನೀನೇ ಕಲಿಸಿದ್ದೀಯ. ಪಾಪ, ಕೆಳಗಿನ ಮನೆ ವಿಧವೆನೋ, ಪಾದ್ರಿನೋ, ಯಾರೋ ಒಬ್ಬರ ಮೇಲೆ ಅದು ಕೂರುತ್ತೆ. ನಾನು ಬರೆದಿದ್ದು ನನ್ನ ಮೇಲೇ ಇರಲಿ."

"ನಾನೇನು ಮಾಡ್ಲಿ ಹಾಗಾದ್ರೆ?"

ಅವಳು ಚಾಕುವಿನ ತುದಿಯಿಂದ ಮೀನನ್ನು ತೋರಿಸಿದಳು. "ಅದು ಸ್ಟೈನಾರ್ ಹಾಕಿದ ಗಂಟು. ಎಡಗಡೆಯಿಂದ ಸುತ್ತೋದು ಅವನೊಬ್ಬನೇ. ಅಪ್ಪ ಎಷ್ಟು ಬೈದ್ರೂ ಕಲೀಲಿಲ್ಲ." ಸ್ವಲ್ಪ ಹೊತ್ತು ಗಂಟನ್ನೇ ನೋಡಿದಳು. "ಬಹುಮಾನಾನಾ?"

ಮೀನಿನ ಬಾಯಿಯಿಂದ ನೀರು ಅವಳ ತೊಳೆದ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಐಲರ್ಟ್ ಅದನ್ನು ಬೂಟಿನಿಂದ ಒರೆಸಲು ಹೋಗಿ ಇನ್ನಷ್ಟು ಹರಡಿದ.

"ನನಗೆ ಹೇಳೋಕೆ ಬಂದಿದ್ದೀಯ" ಎಂದಳು ಗುನ್ವೋರ್, ಸಿಟ್ಟಿಲ್ಲದೆ, ಅದೇ ಅವನಿಗೆ ಕಷ್ಟವಾದದ್ದು. "ನನಗೆ ಗೊತ್ತಿತ್ತು. ನಿನ್ನೆ ಆ ಹಳದಿ ಬಿದ್ದಾಗಲೇ ಗೊತ್ತಾಯ್ತು, ನೀನು ಏನೋ ಮಾಡೋದು ಬಿಟ್ಟಿದ್ದೀಯ ಅಂತ. ಗೊತ್ತಿಲ್ಲದೋನು ಕೆಳಗಿದ್ದಾನೆ."

ಕೆಳಗೆ ಹೋಗುವ ಕಾಲುದಾರಿ ಅವಳ ಬಾಗಿಲಿನಿಂದಲೇ ಶುರುವಾಗುತ್ತಿತ್ತು. ತಲೆಮಾರುಗಳ ಹೆಜ್ಜೆಗೆ ಕಲ್ಲು ಬಟ್ಟಲಿನಂತೆ ಸವೆದಿತ್ತು. ಇಳಿಯುತ್ತ ಐಲರ್ಟನಿಗೆ ಬೇಸಿಗೆ ನೆನಪಾಯಿತು. ಇದೇ ಜಗಲಿಯ ಮೇಲೆ, ಸೂರ್ಯ ಮುಳುಗದ ಆ ದಿನಗಳಲ್ಲಿ, ಸ್ಟೈನಾರನ ಹೊಸ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಅವನು ಕಾಫಿ ಕುಡಿದಿದ್ದ, ಒಂದು ಸಮುದ್ರದಷ್ಟು ಕಾಫಿ. ಕಚೇರಿಯ ಕಪಾಟಿನಲ್ಲಿ ಆಗಲೇ ದೂರು ಇತ್ತು. ಸ್ಟೈನಾರ್ ಸಮುದ್ರದ ಕಡೆ ಕೈ ಬೀಸಿ, "ಯಾರೋ ನನ್ನ ಮೇಲೆ ಬರೆದಿದ್ದಾರಂತಲ್ಲ, ಯಾರಿರಬಹುದು?" ಎಂದಾಗ ಐಲರ್ಟ್ ಬಹಳ ತಿಳಿದವನ ನಗು ನಕ್ಕಿದ್ದ. ಗುಟ್ಟನ್ನು ಕಾಯುವುದರಲ್ಲೂ ಒಂದು ರುಚಿ ಇತ್ತು, ಇನ್ನೊಂದು ಬಿಸ್ಕತ್ತು ತೆಗೆದುಕೊಂಡಿದ್ದ. ಈಗ ದಾರಿ ಸೀದಾ ಹೋಗಿ ಜಗಲಿಯ ಸುತ್ತ ಹಾಕಿದ ಮರದ ಕಟಾಂಜನಕ್ಕೆ ಹೊಡೆದು ನಿಂತಿತು. ಎದೆಮಟ್ಟ, ಹೊಸ ಹಲಗೆ, ಬಾಗಿಲಿಲ್ಲ. ಆಚೆ ಕಡೆ ಸ್ಟೈನಾರ್ ಮೊಳೆ ಹೊಡೆಯುತ್ತಿದ್ದ. ಐಲರ್ಟ್ ಮೀನನ್ನು ಮೊದಲು ದಾಟಿಸಿ, ಆಮೇಲೆ ತನ್ನ ಹೊಟ್ಟೆಯನ್ನು ದಾಟಿಸಿ, ಆಚೆ ಹೋಗಿ ಅಂಗೈಯೂರಿ ಬಿದ್ದ.

"ಕಾಗದದ ರಾಜರು ದಾರಿ ಬಿಟ್ಟು ಬಂದ್ರಲ್ಲ" ಎಂದ ಸ್ಟೈನಾರ್, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. "ದೋಣಿಮನೆ ಕೇಳೋಕೆ ಬಂದ್ಯಾ? ಮಾತು ಕೊಟ್ಟಿದ್ದೆ, ನಿಜ."

"ಮೀನು ವಾಪಸ್ ತಂದೆ."

"ಯಾಕೆ, ಸಣ್ಣದಾಯ್ತಾ?"

ಐಲರ್ಟ್ ಹೇಳಿದ. ನಿನ್ನೆ ಊರನ್ನೇ ಕುಣಿಸಿದ ಪದಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. "ಅವಳ ಹೆಸರು ಯಾರಿಗೂ ಕಾಣಲ್ಲ ಅಂತ ಮಾತು ಕೊಟ್ಟಿದ್ದೆ. ಕಪ್ಪು ಬಳಿದೆ. ಅದರ ಹಿಂದೆ ಯಂತ್ರ ಓದಿಟ್ಟಿದ್ದು ಹಾಗೇ ಇತ್ತು. ಅಳಿಸೋದು ನನ್ನ ಕೆಲಸ, ಅಳಿಸ್ಲಿಲ್ಲ."

"ಯಾಕೆ?"

"ಪಕ್ಕದ ದ್ವೀಪದೋರಿಗಿಂತ ಮೊದಲು ತೋರಿಸ್ಬೇಕಿತ್ತು."

ಸ್ಟೈನಾರ್ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ. "ಅಂದ್ರೆ ಬೇಸಿಗೇಲೇ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಈ ಕುರ್ಚಿ ಮೇಲೆ ಕೂತು ಕಾಫಿ ಕುಡಿದೆ."

"ಕುಡಿದೆ."

"ಜಗಲಿ ಚೆನ್ನಾಗಿದೆ ಅಂದೆ."

"ಅಂದೆ."

"ಬಿಸ್ಕತ್ತೂ ತಿಂದೆ" ಎಂದ ಸ್ಟೈನಾರ್. ಹಡಗುಗಳನ್ನು ದಿಕ್ಕು ತಪ್ಪಿಸುವ ಆ ದನಿ ಎಷ್ಟು ಇಳಿದಿತ್ತೆಂದರೆ ಐಲರ್ಟ್ ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಹೊಡೆದಿದ್ದರೆ ಚೆನ್ನಾಗಿತ್ತು. ಸ್ಟೈನಾರನ ಒಂದು ಏಟಿಗೆ ಮನುಷ್ಯ ಐಸ್‌ಲ್ಯಾಂಡ್ ತಲುಪುತ್ತಾನೆ. ಅಲ್ಲಿ ಯಾರಿಗೂ ಅವನ ಪರಿಚಯವಿರುತ್ತಿರಲಿಲ್ಲ. ಸ್ಟೈನಾರ್ ಹೊಡೆಯಲಿಲ್ಲ. ಕುರ್ಚಿಯ ಮೇಲೆ ಕೂತ. "ಏನು ಬರೆದಿದ್ಲು? ಪೂರ್ತಿ ಹೇಳು."

"ಹೇಳೋ ಹಾಗಿಲ್ಲ. ಅದು ಮುಚ್ಚಿಟ್ಟ ಕಾಗದ."

ಸ್ಟೈನಾರ್ ನಕ್ಕ. ಆ ನಗು ಐಲರ್ಟನ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿ ಜಗಲಿಯ ಮೇಲೆ ಮಡಿಸಿಟ್ಟ ಹಾಗಿತ್ತು. "ಈಗ ಮುಚ್ಚಿಟ್ಟಿದ್ದೀಯ" ಎಂದ.

"ಅವಳನ್ನೇ ಕೇಳು, ಸ್ಟೈನಾರ್."

ಅಂಗೈಯ ಮೊಳೆಗಳು ಜೇಬಿಗೆ ಹೋದವು. ಆಮೇಲೆ ಸ್ಟೈನಾರ್ ಎದ್ದ. ಬಂದರು ಸುತ್ತಿ, ಅಂಗಡಿಯ ಮುಂದೆ ಹಾದು ಹೋಗುವ ರಸ್ತೆಯ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಅಂಗಡಿಯ ಕಿಟಕಿಯಲ್ಲಿ ಪೆಟ್ರಾಳ ಮುಖ ಇಲ್ಲಿಂದಲೇ ಕಾಣುತ್ತಿತ್ತು, ಹುಣ್ಣಿಮೆಯಂತೆ. ತಿರುಗಿ ಬಂದು ಕಟಾಂಜನದ ಮುಂದೆ ನಿಂತು ಅದರ ಆಚೆಗಿನ ಸವೆದ ಕಲ್ಲುಗಳನ್ನು ಮೊದಲ ಬಾರಿ ನೋಡುವವನ ಹಾಗೆ ನೋಡಿದ. ಕಾಲೆತ್ತಿದ. ಏರಲಿಲ್ಲ. ಇನ್ನೊಮ್ಮೆ ಎತ್ತಿದ. ತಾನೇ ಕಟ್ಟಿಸಿದ್ದು ತನಗೇ ಎತ್ತರವಾಗಿತ್ತು.

"ಹೆಗಲು ಕೊಡು" ಎಂದ, ಐಲರ್ಟನ ಕಡೆ ನೋಡದೆ.

ಐಲರ್ಟ್ ಹಲಗೆಯ ಮೇಲೆ ಮಂಡಿಯೂರಿದ. ಸ್ಟೈನಾರನ ಬೂಟು ಅವನ ಹೊಸ ಸ್ವೆಟರಿನ ಹೆಗಲ ಮೇಲೆ ಬಂತು, ಆಮೇಲೆ ಸ್ಟೈನಾರ್ ಪೂರ್ತಿ ಬಂದ, ದ್ವೀಪದ ಅರ್ಧ ಬಂಡೆ ಎದ್ದು ಅವನ ಮೇಲೆ ನಿಂತ ಹಾಗೆ. ಮೂಳೆಗಳು ಮುರಿದ ಸದ್ದು ಊರಿಗೆ ಕೇಳಿತು ಎನ್ನಬೇಕೆಂದು ನನಗೆ ಆಸೆ. ಮುರಿದದ್ದು ಕಟಾಂಜನದ ಒಂದು ಹಲಗೆ. ಆಚೆ ಇಳಿದ ಸ್ಟೈನಾರ್ ಕೈ ಚಾಚಿ, "ಮೀನು ಕೊಡು" ಎಂದ. ಐಲರ್ಟ್ ಎತ್ತಿ ಕೊಟ್ಟ. ಆ ದೊಡ್ಡ ದೇಹ ಮೀನನ್ನು ಎಳೆದುಕೊಂಡು, ತಡವರಿಸುತ್ತ ಹಳೇ ದಾರಿಯಲ್ಲಿ ಹತ್ತುವುದನ್ನು ಕೂತಲ್ಲಿಂದಲೇ ನೋಡಿದ. ಬಡಿಯುವುದಕ್ಕೂ ಮೊದಲೇ ಬಾಗಿಲು ತೆರೆಯಿತು. ಗುನ್ವೋರ್ ಕೈಯಲ್ಲಿ ಚಾಕು ಹಿಡಿದೇ ಹೊಸ್ತಿಲಿಗೆ ಬಂದಳು. ಅಣ್ಣ ತಂಗಿ ಅಲ್ಲಿ ನಿಂತು ಏನು ಮಾತಾಡಿದರೋ, ಎಲ್ಲವನ್ನೂ ಹೊತ್ತು ತರುವ ನಮ್ಮ ಗಾಳಿ ಆ ದಿನ ತರಲಿಲ್ಲ. ಈ ದ್ವೀಪದಲ್ಲಿ ನನಗೆ ತಿಳಿಯದೆ ಉಳಿದದ್ದು ಅದೊಂದೇ.

ಐಲರ್ಟ್ ಎದ್ದ. ಮುರಿದ ಹಲಗೆಯ ಸಂದಿನಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟು ಜಾಗವಾಗಿತ್ತು. ಆ ದಾರಿ ತನ್ನದಲ್ಲ ಎಂದು ಅವನಿಗೆ ಗೊತ್ತಿತ್ತು. ರಸ್ತೆ ಹಿಡಿದು ಬಂದರು ಸುತ್ತಿ ಅಂಗಡಿಯ ಮುಂದೆ ಬಂದ. ಪೆಟ್ರಾ ಬಾಗಿಲಿಗೇ ಬಂದಿದ್ದಳು. "ಏನೋ ಅದು, ಹೆಗಲ ಮೇಲೆ ಯಾರದೋ ಬೂಟು?"

"ಸ್ಟೈನಾರಂದು" ಎಂದ ಐಲರ್ಟ್. ನಿಂತ. ಒಳಗೆ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಇಳಿಸಿ, ಗುನ್ವೋರಳ ಕುರ್ಚಿ ಖಾಲಿ ಇದ್ದ ಕಡೆಗೆ ಮುಖ ಮಾಡಿ, ಸ್ಟೈನಾರನಿಗೆ ಹೇಳಿದ್ದನ್ನೇ ಅವನು ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದ.